ಯಾವ ಪುಟ ತೆರೆದರು, ಯಾವಾಗ ತೆರೆದರು: ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಬಗ್ಗೆ

ಸರ್ಕಾರ ತನ್ನ ಗುಪ್ತಚರ ವರದಿಯನ್ನು ತಾನಾಗಿಯೇ ಹೊರಗೆ ಬಿಟ್ಟಿದೆ ಎಂದರೆ ನಾನು ಮೊದಲು ತಾರೀಖು ನೋಡುತ್ತೇನೆ. ಈ ಅಭ್ಯಾಸ ಹತ್ತಿಸಿದ್ದು ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್. ಹೆಸರು ಕೇಳಿ ಸರ್ಕಾರಿ ಕಚೇರಿ ಅಂದುಕೊಳ್ಳಬೇಡಿ. ಪತ್ರಕರ್ತರು, ವಿದ್ವಾಂಸರು ಸೇರಿ 1985ರಲ್ಲಿ ಕಟ್ಟಿದ, ಈಗ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ಸಂಸ್ಥೆ ಇದು. ಮಾಹಿತಿ ಕಾಯ್ದೆಯಡಿ ಅರ್ಜಿ ಹಾಕಿ, ಬೇಕಾದರೆ ಕೋರ್ಟಿಗೂ ಹೋಗಿ ಅಮೆರಿಕ ಸರ್ಕಾರದ ಕಡತಗಳನ್ನು ಹೊರತೆಗೆಯುತ್ತದೆ.

ಪತ್ರಿಕೋದ್ಯಮದ ಪಾಠಕ್ಕೆ ನಾನು ಹೆಚ್ಚು ಬಳಸಿರುವುದು ಇರಾಕ್‌ನ ಸಮೂಹನಾಶಕ ಅಸ್ತ್ರಗಳ ಸಂಗ್ರಹ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳು ಸೇರಿ ಇರಾಕ್ ಬಗ್ಗೆ ಸಿದ್ಧಪಡಿಸಿದ ಗುಪ್ತ ಅಂದಾಜು ವರದಿಯ ಮುಖ್ಯಾಂಶಗಳೂ, ಅದೇ ತಿಂಗಳು ಜನರಿಗೆಂದು ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ ಹೊರಡಿಸಿದ ಶ್ವೇತಪತ್ರವೂ ಅದರಲ್ಲಿವೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಇರಾಕ್ ತನ್ನ ಅಸ್ತ್ರ ಕಾರ್ಯಕ್ರಮ ಮುಂದುವರಿಸಿದೆ ಎಂಬುದು ಗುಪ್ತ ಪ್ರತಿಯಲ್ಲಿ 'ನಮ್ಮ ಅಂದಾಜು'. ಶ್ವೇತಪತ್ರದಲ್ಲಿ ಅದು ನಡೆದೇ ಇರುವ ಸಂಗತಿ. ಇರಾಕ್ ತರಿಸಲು ಹೊರಟಿದ್ದ ಅಲ್ಯೂಮಿನಿಯಂ ಕೊಳವೆಗಳು ಅಣ್ವಸ್ತ್ರಕ್ಕೆಂದು ಇರಲಾರವು ಎಂದು ಅಮೆರಿಕದ ಇಂಧನ ಇಲಾಖೆ ಮತ್ತು ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗ ಭಿನ್ನಮತ ಬರೆಸಿದ್ದವು. ಶ್ವೇತಪತ್ರ ಯಾರ ಹೆಸರನ್ನೂ ಹೇಳದೆ 'ಕೆಲವರು' ಎಂದು ಸಾಗಹಾಕಿತು. ಅಂಥ ಕೊಳವೆ ಬಳಸಿ ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್ ಯಂತ್ರದ ವಿದ್ಯೆಯನ್ನು ಅರೆದು ಕುಡಿದವರು ಇದ್ದದ್ದೇ ಇಂಧನ ಇಲಾಖೆಯಲ್ಲಿ! ಶ್ವೇತಪತ್ರ ಹೊರಬಿದ್ದದ್ದು ಅಕ್ಟೋಬರ್ 4ಕ್ಕೆ. ಇರಾಕ್ ಯುದ್ಧದ ನಿರ್ಣಯಕ್ಕೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮತ ಹಾಕಿದ್ದು 10 ಮತ್ತು 11ಕ್ಕೆ.

ಮುಖ್ಯಾಂಶಗಳನ್ನು ಶ್ವೇತಭವನ ಅಧಿಕೃತವಾಗಿ ತೆರೆದದ್ದು 2003ರ ಜುಲೈ 18ರಂದು. ಆಫ್ರಿಕಾದ ನೈಜರ್‌ನಿಂದ ಇರಾಕ್ ಯುರೇನಿಯಂ ಕೊಳ್ಳಲು ಹೊರಟಿತ್ತು ಎಂಬ ಕಥೆಯನ್ನು ಮಾಜಿ ರಾಯಭಾರಿ ಜೋಸೆಫ್ ವಿಲ್ಸನ್ ಪತ್ರಿಕೆಯಲ್ಲಿ ಪ್ರಶ್ನಿಸಿ ಆಗಿನ್ನೂ ಎರಡು ವಾರ ಕಳೆದಿರಲಿಲ್ಲ. ಅಷ್ಟರೊಳಗೆ ಉಪಾಧ್ಯಕ್ಷ ಚೆನಿ ಅವರ ಮುಖ್ಯ ಸಹಾಯಕ ಲಿಬ್ಬಿ ಆಯ್ದ ಭಾಗಗಳನ್ನು ಪತ್ರಕರ್ತೆಯೊಬ್ಬರ ಕಿವಿಗೆ ಹಾಕಿಯೂ ಆಗಿತ್ತು. ಅಧ್ಯಕ್ಷ ಬುಷ್ ಅವರ ಒಪ್ಪಿಗೆ ಇದೆಯೆಂದು ಚೆನಿ ತಮಗೆ ಹೇಳಿದ್ದರು ಎಂದು ಲಿಬ್ಬಿಯೇ ಸಾಕ್ಷ್ಯ ನುಡಿದದ್ದು 2006ರ ಕೋರ್ಟ್ ದಾಖಲೆಯಿಂದ ತಿಳಿಯಿತು. ಮತದಾನಕ್ಕೆ ಮುಂಚೆ ಜನರಿಗೆ ಕೊಡಲಾಗದಷ್ಟು ಗುಟ್ಟಾಗಿದ್ದ ಪುಟಗಳು, ಸರ್ಕಾರದ ಮರ್ಯಾದೆ ಉಳಿಸಬೇಕಾದಾಗ ಸಲೀಸಾಗಿ ಹೊರಬಂದವು. ಎಷ್ಟು ಸಲ ಓದಿದರೂ ನನಗೆ ಸಿಟ್ಟು ಇಳಿಯುವುದಿಲ್ಲ. 2004ರಲ್ಲಿ ಪೂರ್ತಿ ಅಂದಾಜು ಎಂದು ಸಿಐಎ ಕೊಟ್ಟ ಪ್ರತಿಯನ್ನೂ ನೋಡಿ: ಬರಹ ಅಳಿಸಿಹಾಕಿ ಪುಟಗಟ್ಟಲೆ ಬರೀ ಬಿಳಿ.

ಬಹಿರಂಗವಾದದ್ದೆಲ್ಲ ಆಳುವವರಿಗೆ ಅನುಕೂಲವೇ ಆಗುತ್ತದೆ ಎಂದೇನಿಲ್ಲ. ಇರಾನ್ 2003ರಲ್ಲೇ ಅಣ್ವಸ್ತ್ರ ಕಾರ್ಯಕ್ರಮ ನಿಲ್ಲಿಸಿತ್ತು ಎಂದ 2007ರ ಡಿಸೆಂಬರ್‌ನಲ್ಲಿ ಬಹಿರಂಗವಾದ ಅಂದಾಜು ಬುಷ್ ಆಡಳಿತದ ಬಿಗಿ ನಿಲುವಿಗೇ ಅಡ್ಡ ಬಂತು.

ಸೇವೆಯ ಕೊರತೆ ಹೇಳಬೇಕೆಂದರೆ, ದೊಡ್ಡ ಡಿಜಿಟಲ್ ಸಂಗ್ರಹಕ್ಕೆ ಚಂದಾ ಬೇಕು. ಅದು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಗ್ರಂಥಾಲಯಗಳ ಮೂಲಕವೇ ಸಿಗುತ್ತದೆ. ವಿಷಯವಾರು ಸಂಗ್ರಹಗಳು ಮಾತ್ರ ಎಲ್ಲರಿಗೂ ಉಚಿತ. ಹೊಸಬರು ಇರಾಕ್‌ನಿಂದಲೇ ಶುರು ಮಾಡಿ. ಸಂಪಾದಕರ ಮುನ್ನುಡಿ ಚೆನ್ನಾಗಿಯೇ ಇದೆ, ಆದರೆ ಮೊದಲು ಮೂಲ ದಾಖಲೆ ಓದಿಕೊಳ್ಳಿ.