ಕ್ಯಾನ್ವಾಸ್ ಪಾಪ್-ಅಪ್ ಕ್ಯಾಂಪರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಪಾಪ್-ಅಪ್ ಕ್ಯಾಂಪರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಜನ ಮಲಗಬಹುದು? ರೇಟ್ ಎಷ್ಟು? ಇವೆರಡಕ್ಕೂ ಮೊದಲು ಇನ್ನೊಂದು ಕೇಳಿಕೊಳ್ಳಿ. ಮಳೆಯಲ್ಲಿ ನೆನೆದ ಕ್ಯಾಂಪರನ್ನು ಮನೆಗೆ ಬಂದ ಮೇಲೆ ಎಲ್ಲಿ ಬಿಚ್ಚಿ ಒಣಗಿಸುತ್ತೀರಿ? ಅಂಥ ಜಾಗ ಇಲ್ಲ ಅಂದರೆ ಕ್ಯಾನ್ವಾಸ್ ಕಡೆ ತಲೆ ಹಾಕಿಯೂ ಮಲಗಬೇಡಿ.

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಎರಡು ಮಾತು. ಪಾಪ್-ಅಪ್ ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಮಡಚಿದಾಗ ಸೊಂಟದೆತ್ತರದ ಪೆಟ್ಟಿಗೆಯಂತಿರುವ ಟ್ರೇಲರ್. ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲೆ ಅದನ್ನು ಎತ್ತಿ ನಿಲ್ಲಿಸಬೇಕು. ಇದರಲ್ಲಿ ಎರಡು ಜಾತಿ. ಒಂದರಲ್ಲಿ ರೂಫ್ ಮೇಲೇಳುತ್ತದೆ, ಎರಡೂ ತುದಿಯಲ್ಲಿ ಹಾಸಿಗೆಗಳು ಹೊರಗೆ ಚಾಚಿಕೊಳ್ಳುತ್ತವೆ, ಗೋಡೆಯೆಲ್ಲ ಕ್ಯಾನ್ವಾಸ್ ಬಟ್ಟೆ. ಇನ್ನೊಂದರಲ್ಲಿ ಗೋಡೆಯೂ ಗಟ್ಟಿ ಹಲಗೆ. ರೂಫ್‌ನ ಎರಡು ಭಾಗ ಮೇಲೆದ್ದು ಒಂದಕ್ಕೊಂದು ತಾಗಿ ತ್ರಿಕೋನವಾಗಿ ನಿಲ್ಲುತ್ತವೆ. ಇದನ್ನು ಎ-ಫ್ರೇಮ್ ಅನ್ನುತ್ತಾರೆ. ಕ್ಯಾನ್ವಾಸಿನದರಲ್ಲಿ ಆರೇಳು ಜನ ಮಲಗಬಹುದು, ಸೆಕೆಂಡ್ ಹ್ಯಾಂಡ್ ಆದರೆ ರೇಟೂ ಕಮ್ಮಿ. ಎ-ಫ್ರೇಮ್‌ನಲ್ಲಿ ಇಬ್ಬರು ಮೂವರು ಅಷ್ಟೇ, ಹೊಸದಕ್ಕೆ 20,000 ಡಾಲರ್ ದಾಟುತ್ತದೆ. ಹಾಗಾಗಿ ನಮ್ಮ ದೇಸಿ ಸಂಸಾರಗಳೆಲ್ಲ ಹೋಗಿ ನಿಲ್ಲುವುದು ಕ್ಯಾನ್ವಾಸ್ ಮುಂದೆಯೇ.

ನಾವಿರುವುದು ಸಿಯಾಟಲ್ ಹತ್ತಿರ, ಟೌನ್‌ಹೌಸ್‌ನಲ್ಲಿ. ಒಂದು ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮ ಬರುವವರಿದ್ದರು. ಅಮ್ಮನಿಗೆ ಮಂಡಿ ನೋವು, ಟೆಂಟ್‌ನಲ್ಲಿ ನೆಲದಿಂದ ಏಳುವುದು ಆಗದ ಮಾತು. ಮಕ್ಕಳೂ ಸೇರಿ ಆರು ಜನ. ಹಳೇ ಟ್ರೇಲರ್ ಮಾರುವ ಒಂದು ಅಂಗಡಿಯಲ್ಲಿ ಕ್ಯಾನ್ವಾಸ್ ಪಾಪ್-ಅಪ್ ಸಿಕ್ಕಿತು, 6,000 ಡಾಲರ್ ಆಸುಪಾಸು. ಅಂಗಡಿ ಹೆಸರು ಬೇಡ, ಇಂಥವು ಎಲ್ಲ ಊರಲ್ಲೂ ಇರುತ್ತವೆ.

ಫೋನ್ ಮಾಡಿಯೇ ಹೋಗಿದ್ದೆವು. ನಾವು ಹೋಗುವಷ್ಟರಲ್ಲಿ ಕ್ಯಾಂಪರ್ ಆಗಲೇ ಬಿಚ್ಚಿಕೊಂಡು ಬಿಸಿಲಲ್ಲಿ ನಿಂತಿತ್ತು. ಕಿಟಕಿಗಳ ಜಿಪ್ಪೆಲ್ಲ ತೆಗೆದಿದ್ದರು, ಒಳಗೆ ಫ್ಯಾನ್ ಓಡುತ್ತಿತ್ತು. ಹಾಸಿಗೆ ಮೂಲೆಗಳಲ್ಲಿ ಡ್ರೈಯರ್ ಶೀಟ್ (ಬಟ್ಟೆ ಒಣಗಿಸುವ ಮೆಷಿನ್‌ಗೆ ಹಾಕುವ ಪರಿಮಳದ ಹಾಳೆ) ಇಟ್ಟಿದ್ದರು, ಘಮ್ಮೆನ್ನುತ್ತಿತ್ತು. ಇಲಿ ಬರದಿರಲಿ ಅಂತ ಇಟ್ಟಿದ್ದು ಅಂದ ಸೇಲ್ಸ್‌ನವನು. ಹಾಗೆ ಇಡುವವರೂ ಇದ್ದಾರೆ, ಸುಳ್ಳಲ್ಲ. "ಒದ್ದೆಯಾದರೆ ಏನು ಮಾಡುವುದು" ಅಂತ ನನ್ನ ಹೆಂಡತಿ ಕೇಳಿದಳು. "ಕ್ಯಾನ್ವಾಸ್‌ನಲ್ಲಿ ಚೆನ್ನಾಗಿ ಗಾಳಿಯಾಡುತ್ತೆ, ಒಂದು ಗಂಟೆ ಬಿಸಿಲು ಬಿದ್ದರೆ ಮುಗೀತು" ಅಂದ. ನಮ್ಮ ಊರಲ್ಲಿ ಆ ಒಂದು ಗಂಟೆ ಬಿಸಿಲನ್ನು ಎಲ್ಲಿಂದ ತರುವುದು ಅಂತ ಅವನು ಹೇಳಲಿಲ್ಲ.

ಆದರೂ ಕೊಂಡೆವು, ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನ ಹೋ ಮಳೆಕಾಡಿಗೆ ಹೋದೆವು. ವರ್ಷಕ್ಕೆ ಸುಮಾರು 140 ಇಂಚು ಮಳೆ ಬೀಳುವ ಜಾಗ ಅದು. ಆಗುಂಬೆಯಲ್ಲಿ ಬೀಳುವುದರ ಅರ್ಧದಷ್ಟು ಅಂದುಕೊಳ್ಳಿ. ಸಂಜೆ ಹಿಡಿದ ಮಳೆ ಬೆಳಗಾದರೂ ಬಿಡಲಿಲ್ಲ. ಹೊರಗಿನ ನೀರು ಹಾಗಿರಲಿ, ಆರು ಜನರ ಉಸಿರು, ಮೇಲೆ ಒಳಗೇ ಕಾಯಿಸಿದ ಚಹಾದ ಹಬೆ. ಬೆಳಗಿನ ಜಾವ ಬಟ್ಟೆಯ ಒಳಮೈಯಲ್ಲಿ ಹನಿ ಹನಿಯಾಗಿ ನೀರು ಕೂತಿತ್ತು. ಮಳೆ ಬರುವಾಗ ಕ್ಯಾನ್ವಾಸಿಗೆ ಒಳಗಿನಿಂದ ಮೈ ತಾಗಿಸಬಾರದು, ತಾಗಿದ ಕಡೆ ಜಿನುಗುತ್ತದೆ. ನಿದ್ದೆಯಲ್ಲಿ ಒದ್ದಾಡುವ ಮಕ್ಕಳಿಗೆ ಇದನ್ನು ಹೇಳಿ ನೋಡಿ! ಮಗನ ಸ್ಲೀಪಿಂಗ್ ಬ್ಯಾಗ್ ಅರ್ಧ ತೊಯ್ದಿತ್ತು. ಅಮ್ಮನಿಗೋ ತುದಿಯಲ್ಲಿ ಚಾಚಿದ ಆ ಎತ್ತರದ ಹಾಸಿಗೆ (ಬಂಕ್) ಹತ್ತಲು ಆಗಲೇ ಇಲ್ಲ. ಊಟದ ಟೇಬಲ್ ತಗ್ಗಿಸಿ ಮಾಡಿದ ಹಾಸಿಗೆಯಲ್ಲಿ ಮುದುಡಿಕೊಂಡು ಮಲಗಿದರು. ವಯಸ್ಸಾದವರಿದ್ದರೆ ಅಂಗಡಿಯಲ್ಲೇ ಅವರನ್ನು ಒಮ್ಮೆ ಹತ್ತಿಸಿ ನೋಡಿ. ಸಂಕೋಚ ಬೇಡ.

ಕಷ್ಟ ಶುರುವಾಗುವುದು ಮಡಚುವಾಗ. ಸೈಟ್ ಖಾಲಿ ಮಾಡುವ ಹೊತ್ತಿಗೆ ಮಳೆ ನಿಲ್ಲಬೇಕು ಅಂತ ಏನಿದೆ? ಬಂಕ್‌ಗಳನ್ನು ಒಳಗೆ ತಳ್ಳಿ, ಕ್ರ್ಯಾಂಕ್ ತಿರುಗಿಸಿ ರೂಫ್ ಇಳಿಸುತ್ತಾ ಹೋದರೆ ನೀರು ಕುಡಿದ ಬಟ್ಟೆ ಮಡಿಕೆ ಮಡಿಕೆಯಾಗಿ ನೇರ ಹಾಸಿಗೆ ಮೇಲೆ ಕೂರುತ್ತದೆ. ಅಂಚಿನಿಂದ ಹೊರಗೆ ಉಳಿದರೆ ರೂಫ್‌ಗೆ ಸಿಕ್ಕಿ ಹರಿಯುತ್ತದೆ. ಹಾಗಾಗಿ ಒಬ್ಬರು ನಿಧಾನಕ್ಕೆ ಇಳಿಸುತ್ತಿರಬೇಕು, ಇನ್ನೊಬ್ಬರು ಸುತ್ತ ತಿರುಗುತ್ತಾ ಒದ್ದೆ ಬಟ್ಟೆಯನ್ನು ಎರಡೂ ಕೈಯಿಂದ ಒಳಗೆ ತುರುಕಬೇಕು. ತುರುಕಿದಷ್ಟೂ ನೀರು ಮೊಣಕೈವರೆಗೆ ಇಳಿಯುತ್ತದೆ. ಕೊನೆಗೆ ಕೊಂಡಿ ಹಾಕಿದಾಗ ಒಳಗೆ ಹಾಸಿಗೆ, ದಿಂಬು, ಕುಶನ್, ಒದ್ದೆ ಬಟ್ಟೆ ಎಲ್ಲ ಒಟ್ಟಿಗೆ, ಗಾಳಿ ಆಡದ ಹಾಗೆ ಮುಚ್ಚಿಕೊಂಡಿರುತ್ತವೆ.

ಇದನ್ನು ಒಂದೆರಡು ದಿನದೊಳಗೆ ಮತ್ತೆ ಬಿಚ್ಚಿ ಪೂರ್ತಿ ಒಣಗಿಸಬೇಕು. ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ. ನಮ್ಮ ಡ್ರೈವ್‌ವೇ ಗಿಡ್ಡ, ಬಿಚ್ಚಿದ ಕ್ಯಾಂಪರ್ ಅಲ್ಲಿ ಹಿಡಿಸುವುದಿಲ್ಲ. ಮಡಚಿ ನಿಲ್ಲಿಸಿದ್ದಕ್ಕೇ ಎಚ್‌ಓಎಯಿಂದ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ, ಕಾಗದ ಬಂತು, ತೆಗೆಯದಿದ್ದರೆ ದಂಡ ಅಂತ. ಬಾಡಿಗೆಗೆ ಹಿಡಿದಿದ್ದ ಸ್ಟೋರೇಜ್ ಜಾಗದಲ್ಲಿ ಟ್ರೇಲರ್ ನಿಲ್ಲಿಸಬಹುದು, ಬಿಚ್ಚುವಂತಿಲ್ಲ, ಕರಾರಿನಲ್ಲೇ ಇದೆ. ಕೊನೆಗೆ ದೊಡ್ಡ ಅಂಗಳವಿರುವ ಗೆಳೆಯರೊಬ್ಬರ ಮನೆಗೆ ಎಳೆದುಕೊಂಡು ಹೋದಾಗ ಮುಂದಿನ ವಾರಾಂತ್ಯ ಬಂದಿತ್ತು.

ರೂಫ್ ಎತ್ತಿದ್ದೇ ತಡ, ಅಪ್ಪ ಕೆಮ್ಮಲು ಶುರು ಮಾಡಿದರು. ಅಮ್ಮ ಸೆರಗು ಮೂಗಿಗೆ ಹಿಡಿದುಕೊಂಡು, "ಇದೇನೋ ಇದು, ಮಳೆಗಾಲದಲ್ಲಿ ನಮ್ಮ ಅಟ್ಟದ ವಾಸನೆ ಬರ್ತಿದೆಯಲ್ಲೋ" ಅಂದರು. ಹೊಲಿಗೆ ಹಾಕಿದ ಕಡೆಯೆಲ್ಲ ಕರಿ ಚುಕ್ಕೆ. ಮೂಲೆಗಳಲ್ಲಿ ಆ ಚುಕ್ಕೆಗಳು ಒಂದಕ್ಕೊಂದು ಸೇರಿ ಅಂಗೈಯಗಲದ ಕಲೆಗಳಾಗಿದ್ದವು. ಹಾಸಿಗೆ ಎತ್ತಿದರೆ ಕೆಳಗಿನ ಪ್ಲೈವುಡ್‌ನಲ್ಲಿ ಹಳೇ ನೀರಿನ ಗುರುತು, ಅದರ ಮೇಲೆ ಬಣ್ಣ ಬಳಿದು ಮುಚ್ಚಿದ್ದರು. ನೆಲದ ಒಂದು ಮೂಲೆಯಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ಮೆತ್ತಗೆ ಒಳಗೆ ಹೋಯಿತು. ಒಂದು ಟ್ರಿಪ್‌ಗೆ ಮರ ಹಾಗೆ ಕೊಳೆಯುವುದಿಲ್ಲ ಅಲ್ವಾ? ಡ್ರೈಯರ್ ಶೀಟ್ ಯಾಕೆ ಇಟ್ಟಿದ್ದರು ಅಂತ ಆಗ ಗೊತ್ತಾಯಿತು.

ವಿನೆಗರ್ ನೀರಲ್ಲಿ ಉಜ್ಜಿದೆವು. ವಾಸನೆ ತಗ್ಗಿತು, ಕಲೆ ಹೋಗಲಿಲ್ಲ. ಬ್ಲೀಚ್ ಹಾಕಿದರೆ ಬೆಳ್ಳಗಾಗುತ್ತದೆ, ಜೊತೆಗೆ ದಾರವೂ ಬಟ್ಟೆಯೂ ಸೊರಗಿ, ನೀರು ತಡೆಯುವ ಗುಣವೂ ಹೋಗುತ್ತದೆ. ಅಂಗಡಿಯವನಿಗೆ ಫೋನ್ ಮಾಡಿದರೆ, "ಇದ್ದ ಹಾಗೆ ತೆಗೆದುಕೊಳ್ಳುತ್ತೇನೆ ಅಂತ ಸಹಿ ಮಾಡಿದ್ದೀರಲ್ಲ ಸರ್" ಅಂತ ಕೈ ಎತ್ತಿದ. ಇನ್ಶೂರೆನ್ಸ್‌ನವರು ಬೂಷ್ಟು, ಕೊಳೆತ ಇವೆಲ್ಲ ಮೇಂಟೆನೆನ್ಸ್ ಲೆಕ್ಕ, ಕ್ಲೇಮ್ ಬರುವುದಿಲ್ಲ ಅಂದರು. ಹೊಸ ಕ್ಯಾನ್ವಾಸ್ ಹಾಕಿಸಲು ಸಾವಿರಾರು ಡಾಲರ್, ನೆಲದ ರಿಪೇರಿ ಬೇರೆ.

ಇನ್ನೊಂದು ವಿಷಯ, ಇದಂತೂ ಮಾರುವವರು ಬಾಯೇ ಬಿಡುವುದಿಲ್ಲ. ಕರಡಿ ಇರುವ ಕಡೆ ಕ್ಯಾನ್ವಾಸ್ ಪಾಪ್-ಅಪ್ ಅನ್ನು ಟೆಂಟ್ ಅಂತಲೇ ಲೆಕ್ಕ ಹಾಕುತ್ತಾರೆ. ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ನಲ್ಲಿ ನೀರು, ಕರೆಂಟ್, ಡ್ರೈನೇಜ್ ಮೂರೂ ಸಿಗುವ ಒಂದೇ ಕ್ಯಾಂಪ್‌ಗ್ರೌಂಡ್ ಅಂದರೆ ಫಿಷಿಂಗ್ ಬ್ರಿಜ್. ಯೆಲ್ಲೋಸ್ಟೋನ್ ನದಿ ಸರೋವರದಿಂದ ಹೊರಬೀಳುವ ಜಾಗ, ಗ್ರಿಜ್ಲಿ ಕರಡಿ ಓಡಾಡುವ ಸೀಮೆ. ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ, ಟೆಂಟ್ ಟ್ರೇಲರ್ ಬಿಡುವುದಿಲ್ಲ. ಪಾರ್ಕ್‌ನ ಈಶಾನ್ಯಕ್ಕೆ ಕುಕ್ ಸಿಟಿ ಹತ್ತಿರ ಸೋಡಾ ಬ್ಯೂಟ್ ಕ್ಯಾಂಪ್‌ಗ್ರೌಂಡ್‌ನಲ್ಲಿ 2010ರಲ್ಲಿ ಗ್ರಿಜ್ಲಿಯೊಂದು ರಾತ್ರಿ ಟೆಂಟ್‌ಗಳ ಮೇಲೆ ಬಿದ್ದು ಒಬ್ಬರನ್ನು ಕೊಂದಿತು. ಆಮೇಲೆ ಅಲ್ಲೂ ಇದೇ ನಿಯಮ ಬಂತು. ಕೆನಡಾದ ಲೇಕ್ ಲೂಯಿಸ್‌ನಲ್ಲಿ ಗಟ್ಟಿ ಗೋಡೆಯ ಟ್ರೇಲರ್‌ಗಳಿಗೆ ಬೇರೆ ಜಾಗ, ಬಟ್ಟೆ ಗೋಡೆಯವರಿಗೆ ವಿದ್ಯುತ್ ಬೇಲಿ ಹಾಕಿದ ಬೇರೆ ಜಾಗ. ಯೊಸೆಮಿಟಿಯಲ್ಲಿ ಕ್ಯಾನ್ವಾಸ್ ಒಳಗೆ ತಿಂಡಿ ಇಡುವಂತಿಲ್ಲ, ಎಲ್ಲ ಕಬ್ಬಿಣದ ಫುಡ್ ಲಾಕರ್‌ಗೆ ಹೋಗಬೇಕು. ನಮ್ಮವರು ಒಳಗೆ ಇಂಗಿನ ಒಗ್ಗರಣೆ ಹಾಕಿದರೆ ಆ ಘಮ ಬಟ್ಟೆಗೆ ಹತ್ತಿ ತಿಂಗಳುಗಟ್ಟಲೆ ಇರುತ್ತದೆ ಅನ್ನುವುದು ಬೇರೆ ಮಾತು. ಅಡುಗೆಯನ್ನು ಹೊರಗಿನ ಸ್ಟವ್‌ನಲ್ಲೇ ಇಟ್ಟುಕೊಳ್ಳಿ.

ಹಾಗಂತ ಗಟ್ಟಿ ಗೋಡೆಯದರಲ್ಲಿ ತೊಂದರೆ ಇಲ್ಲವೇ? ಇದೆ. ಜೋರು ಗಾಳಿಯಲ್ಲಿ ಆ ರೂಫ್ ಎತ್ತುವುದು ಅಪಾಯ, ಹಲಗೆಗೆ ಗಾಳಿ ಸಿಕ್ಕಿದರೆ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ನೆಟ್ಟಗೆ ನಿಲ್ಲಬಹುದಾದದ್ದು ನಡುವೆ ಮಾತ್ರ. ಹಿಂಜ್ ಇರುವ ಕಡೆ ರಬ್ಬರ್ ಸೀಲ್ ಸವೆದರೆ ಅಲ್ಲಿಂದಲೇ ನೀರು ಬರುತ್ತದೆ. ಆದರೆ ನಿಲ್ಲಿಸಲು ಐದು ಹತ್ತು ನಿಮಿಷ ಸಾಕು, ಒದ್ದೆಯಾದರೆ ಟವೆಲ್‌ನಲ್ಲಿ ಒರೆಸಿ ಮಡಚಿದರೆ ಆಯಿತು. ಗಂಡ ಹೆಂಡತಿ ಮತ್ತು ಒಂದು ಮಗು ಇರುವ ಸಂಸಾರ, ಅಪಾರ್ಟ್‌ಮೆಂಟ್ ವಾಸ, ಮಳೆ ಸೀಮೆ ಅಂದರೆ ಕಣ್ಣು ಮುಚ್ಚಿಕೊಂಡು ಇದನ್ನೇ ನೋಡಿ. ದುಡ್ಡು ಜಾಸ್ತಿ ಅನಿಸಿದರೆ ಇನ್ನೊಂದು ವರ್ಷ ಕಾಯಿರಿ.

ಕ್ಯಾನ್ವಾಸೇ ಬೇಕು ಅನ್ನುವವರು ಮಾರುವವರಿಗೆ ಮೊದಲೇ ಹೇಳಿಬಿಡಿ: ಹಿಂದಿನ ದಿನದಿಂದ ಮುಚ್ಚಿಟ್ಟಿರಿ, ನಾವು ಬಂದ ಮೇಲೆ ನಮ್ಮೆದುರೇ ಬಿಚ್ಚಿ. ಬಿಚ್ಚಿದ ಕೂಡಲೇ ತಲೆ ಒಳಗೆ ಹಾಕಿ ಮೂಸಿ. ಮುಗ್ಗಲು ವಾಸನೆ ಬಂದರೆ ಅಲ್ಲಿಂದಲೇ ವಾಪಸ್. ಪರಿಮಳ ಬಂದರೆ ಇನ್ನೂ ಅನುಮಾನ ಪಡಿ. ಹಾಸಿಗೆ ಎತ್ತಿಸಿ, ನೆಲದ ನಾಲ್ಕೂ ಮೂಲೆ ಒತ್ತಿ ನೋಡಿ, ಹೊಲಿಗೆಗಳನ್ನು ಟಾರ್ಚ್ ಹಾಕಿ ನೋಡಿ. ಒಂದು ಕಡೆ ಮಾತ್ರ ಬಟ್ಟೆ ಬೆಳ್ಳಗಿದ್ದರೆ ಬ್ಲೀಚ್ ಬಿದ್ದಿದೆ ಅಂತ ಅರ್ಥ. ಕ್ರ್ಯಾಂಕನ್ನು ನೀವೇ ತಿರುಗಿಸಿ, ರೂಫ್ ನಾಲ್ಕೂ ಮೂಲೆಯಲ್ಲಿ ಒಂದೇ ಸಮ ಏಳಬೇಕು. ಒಂದು ಮೂಲೆ ಹಿಂದೆ ಬಿದ್ದರೆ ಕೇಬಲ್ ಹೋಗಿದೆ. ಕಾರಿನ ಲೆಕ್ಕವನ್ನೂ ಬಿಡಬೇಡಿ. ಟೊಯೋಟಾದ 2025ರವರೆಗಿನ ಹೈಬ್ರಿಡ್ ಆರ್‌ಎವಿ4 ಎಳೆಯುವುದು 1,750 ಪೌಂಡ್, ಸಿಯೆನ್ನಾ 3,500. ದೊಡ್ಡ ಕ್ಯಾನ್ವಾಸ್ ಕ್ಯಾಂಪರ್‌ಗಳು ಸಾಮಾನು ತುಂಬುವ ಮೊದಲೇ 2,500 ಪೌಂಡ್ ದಾಟುವುದುಂಟು. ಕಾರಿನೊಳಗೆ ಕೂರುವ ಆರು ಜನರ ತೂಕವೂ ಲೆಕ್ಕಕ್ಕೆ ಬರುತ್ತದೆ.

ನಮ್ಮದನ್ನು ಮಾರಿದೆವು. ಜಾಹೀರಾತಿನಲ್ಲಿ ಬೂಷ್ಟು, ಕೊಳೆತ ಮೂಲೆ ಎಲ್ಲ ಫೋಟೋ ಸಮೇತ ಹಾಕಿದ್ದೆವು, ಕೊಟ್ಟಿದ್ದರ ಅರ್ಧಕ್ಕಿಂತ ಕಮ್ಮಿ ಬಂತು. ಕೊಂಡವರು ಬೆಟ್ಟದಾಚೆ ಯಾಕಿಮಾದವರು. ವರ್ಷಕ್ಕೆ ಎಂಟು ಇಂಚು ಮಳೆ ಬೀಳುವ ಊರು, ಮನೆ ಪಕ್ಕದಲ್ಲಿ ದೊಡ್ಡ ಕೊಟ್ಟಿಗೆ ಬೇರೆ. ಅವರಿಗೆ ಕ್ಯಾನ್ವಾಸ್ ಸರಿ ಹೋಗುತ್ತದೆ. ಅಪ್ಪ ಅಮ್ಮ ಇದ್ದಷ್ಟು ದಿನ ನಾವು ವಾಷಿಂಗ್ಟನ್ ಸ್ಟೇಟ್ ಪಾರ್ಕ್‌ಗಳ ಯರ್ಟ್ (ಗುಂಡಗಿನ ದೊಡ್ಡ ಗುಡಾರ) ಮತ್ತು ಕ್ಯಾಬಿನ್‌ಗಳಲ್ಲಿ ಉಳಿದುಕೊಂಡೆವು. ಒಳಗೆ ಮಂಚ ಇರುತ್ತದೆ, ಅಮ್ಮನಿಗೆ ಏರಿ ಇಳಿಯುವ ಕಷ್ಟ ಇಲ್ಲ. ಬೇಸಿಗೆಯ ವಾರಾಂತ್ಯಗಳು ಬೇಗ ತುಂಬಿಹೋಗುತ್ತವೆ. ಊರಿನಿಂದ ಬರುವವರ ಟಿಕೆಟ್ ಆದ ಕೂಡಲೇ ಇದನ್ನೂ ಬುಕ್ ಮಾಡಿ.