ತಂಡಕ್ಕೆ ಯಾವ ಪ್ರಾಜೆಕ್ಟ್? ನನ್ನ ವೋಟು ಐನ್‌ಸ್ಟೈನ್ ಅಟ್ ಹೋಮ್‌ಗೆ

ಕಂಪ್ಯೂಟರುಗಳು ಸುಮ್ನೆ ಆನ್ ಆಗಿ ಕೂತಿರುವ ಹೊತ್ತನ್ನು ವಿಜ್ಞಾನಕ್ಕೆ ಕೊಡೋಣ, ಅಂದರೆ ವಿಜ್ಞಾನಿಗಳ ದೊಡ್ಡ ಲೆಕ್ಕದ ತುಣುಕುಗಳನ್ನು ಇಂಟರ್ನೆಟ್ಟಿನಲ್ಲಿ ತರಿಸಿ ಮಾಡಿಕೊಡೋಣ ಅಂತ ತಂಡದಲ್ಲಿ ಎಲ್ಲರೂ ಒಪ್ಪಿದರು, ಆದರೆ ಯಾವ ಪ್ರಾಜೆಕ್ಟಿಗೆ ಅನ್ನುವಾಗ ಒಬ್ಬೊಬ್ಬರದು ಒಂದೊಂದು ಮಾತು. ಕ್ರೆಡಿಟ್ (ಮಾಡಿಕೊಟ್ಟ ಲೆಕ್ಕಕ್ಕೆ ಸಿಗುವ ಪಾಯಿಂಟು) ಜಾಸ್ತಿ ಸಿಗುವ ಕಡೆ ಹೋಗೋಣ ಅಂದವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಒಂದೊಂದು ಪ್ರಾಜೆಕ್ಟು ಒಂದೊಂದು ಲೆಕ್ಕದಲ್ಲಿ ಕ್ರೆಡಿಟ್ ಕೊಡುತ್ತದೆ, ಹೋಲಿಸಿ ಏನು ಪ್ರಯೋಜನ? ತಂಡ ಅಂದಮೇಲೆ ಹಳೇ ಲ್ಯಾಪ್‌ಟಾಪ್ ಇರುವವರಿಗೂ ಕೆಲಸ ಸಿಗಬೇಕು, ಅದು ನಿಲ್ಲದೆ ಬರುತ್ತಿರಬೇಕು. ಕೊನೆಗೆ ಏನು ಸಿಕ್ಕಿತು ಅನ್ನುವುದೂ ಗೊತ್ತಾಗಬೇಕು, ಅಲ್ವಾ?

ಹೀಗೆ ನೋಡಿದರೆ ಐನ್‌ಸ್ಟೈನ್ ಅಟ್ ಹೋಮ್ ಮುಂದಿದೆ. 2005ರಿಂದ ನಡೆಯುತ್ತಿದೆ, ಇಂಥ ಹಲವು ಪ್ರಾಜೆಕ್ಟುಗಳನ್ನು ನಡೆಸುವ ಬಾಯಿಂಕ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಅದರೊಳಗೆ ಸೇರಿಸಿದರೆ ಸಾಕು. ಅಮೆರಿಕದ ಲೈಗೋ ವೀಕ್ಷಣಾಲಯದ ಡೇಟಾದಲ್ಲಿ ಗುರುತ್ವ ಅಲೆಗಳನ್ನು (ದೇಶ-ಕಾಲದಲ್ಲಿ ಏಳುವ ಸಣ್ಣ ಕಂಪನ) ಹುಡುಕುತ್ತದೆ, ರೇಡಿಯೋ ಟೆಲಿಸ್ಕೋಪು ಮತ್ತು ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹದ ಡೇಟಾದಲ್ಲಿ ಪಲ್ಸಾರ್ ಹುಡುಕುತ್ತದೆ. ಪಲ್ಸಾರ್ ಅಂದರೆ ತಿರುಗುತ್ತ ಮಿಡಿಯುವ ನ್ಯೂಟ್ರಾನ್ ನಕ್ಷತ್ರ, ಸತ್ತ ದೊಡ್ಡ ನಕ್ಷತ್ರದ ಗಟ್ಟಿ ತಿರುಳು. 2010ರಲ್ಲಿ ಅಮೆರಿಕದ ಒಂದು ದಂಪತಿ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರುಗಳು ಅರೆಸಿಬೋ ಟೆಲಿಸ್ಕೋಪಿನ ಡೇಟಾದಲ್ಲಿ ಹೊಸ ಪಲ್ಸಾರ್ ಹಿಡಿದವು, ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ನಕ್ಷತ್ರ ಅದು. ಎರಡು ಕಡೆಯಿಂದ ಯಾಕೆ ಅಂದರೆ, ಡೇಟಾದ ಒಂದೇ ತುಣುಕನ್ನು ಬೇರೆ ಬೇರೆ ಕಂಪ್ಯೂಟರಿಗೆ ಕಳಿಸಿ, ಉತ್ತರ ತಾಳೆಯಾದರೆ ಮಾತ್ರ ಒಪ್ಪಿಕೊಳ್ಳುತ್ತಾರೆ. ಈ ಶಿಸ್ತು ನನಗೆ ತುಂಬಾ ಇಷ್ಟ. ಒಂದು ಮಾತು ಹೇಳಲೇಬೇಕು: ತಿರುಗುವ ನ್ಯೂಟ್ರಾನ್ ನಕ್ಷತ್ರಗಳಿಂದ ಸದಾ ಬರಬೇಕಾದ ಸಣ್ಣ ಗುರುತ್ವ ಅಲೆ ಇನ್ನೂ ಸಿಕ್ಕಿಲ್ಲ. ತಾಳ್ಮೆ ಬೇಕು.

ಗೇಮಿಂಗ್‌ಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದವರು ಫೋಲ್ಡಿಂಗ್ ಅಟ್ ಹೋಮ್ ನೋಡಿ. ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ, ಹೇಗೆ ಅಲುಗಾಡುತ್ತವೆ ಅನ್ನುವುದರ ಲೆಕ್ಕ, ಅಂದರೆ ನೇರವಾಗಿ ಕಾಯಿಲೆಗಳಿಗೆ ಸಂಬಂಧಿಸಿದ್ದು. 2020ರಲ್ಲಿ ಕೊರೋನಾ ಶುರುವಾದಾಗ ಜನ ಮುಗಿಬಿದ್ದು ಸೇರಿ ಅದನ್ನು ಎಕ್ಸಾಫ್ಲಾಪ್ (ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕ) ಗಡಿ ದಾಟಿಸಿದರು, ಆಗ ಯಾವ ಸೂಪರ್‌ಕಂಪ್ಯೂಟರೂ ಅಲ್ಲಿಗೆ ಮುಟ್ಟಿರಲಿಲ್ಲ. ಆದರೆ ಇದು ಬಾಯಿಂಕ್ ಒಳಗೆ ಬರುವುದಿಲ್ಲ, ಬೇರೆ ಸಾಫ್ಟ್‌ವೇರ್ ಬೇಕು. ಬೇಗ ಮುಗಿಸಿ ಕಳಿಸಿದವರಿಗೆ ಬೋನಸ್ ಪಾಯಿಂಟ್ ಇದೆ, ಹಾಗಾಗಿ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಆನ್ ಇಡುವ ಲ್ಯಾಪ್‌ಟಾಪಿಗೆ ಇದು ಹೇಳಿಮಾಡಿಸಿದ್ದಲ್ಲ.

ಪ್ರೋಟೀನುಗಳ ಆಕಾರ ಲೆಕ್ಕ ಹಾಕುವ ರೊಸೆಟ್ಟಾ ಅಟ್ ಹೋಮ್ ಹಿಂದಿರುವ ಡೇವಿಡ್ ಬೇಕರ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ವಿಜ್ಞಾನ ಗಟ್ಟಿ, ಆದರೆ ಮೆಮೊರಿ ಜಾಸ್ತಿ ತಿನ್ನುತ್ತದೆ, ಕೆಲಸವೂ ಆಗಾಗ ಖಾಲಿ. ಹವಾಮಾನದ ಮಾದರಿ ಓಡಿಸುವ ಕ್ಲೈಮೇಟ್‌ಪ್ರೆಡಿಕ್ಷನ್ ಡಾಟ್ ನೆಟ್‌ನ ಒಂದೊಂದು ಟಾಸ್ಕ್ ದಿನಗಟ್ಟಲೆ ಓಡುತ್ತದೆ, ಹೊಸಬರಿಗೆ ಬೇಡ.

ಒಂದೇ ಪ್ರಾಜೆಕ್ಟನ್ನು ನಂಬಿ ಕೂರಬೇಡಿ. 1999ರಿಂದ ಲಕ್ಷಾಂತರ ಜನರನ್ನು ಈ ಕೆಲಸಕ್ಕೆ ಎಳೆದ, ಅನ್ಯಗ್ರಹ ಜೀವಿಗಳ ರೇಡಿಯೋ ಸಂಕೇತ ಹುಡುಕುತ್ತಿದ್ದ ಸೆಟಿ ಅಟ್ ಹೋಮ್ ಕೂಡ 2020ರ ಮಾರ್ಚ್ ಕೊನೆಗೆ ಹೊಸ ಕೆಲಸ ಕಳಿಸುವುದನ್ನು ನಿಲ್ಲಿಸಿತು. ಬಾಯಿಂಕ್‌ನಲ್ಲಿ ಎರಡನೇ ಪ್ರಾಜೆಕ್ಟಿನ ರಿಸೋರ್ಸ್ ಶೇರ್ (ಕಂಪ್ಯೂಟರಿನ ಸಮಯದಲ್ಲಿ ಅದರ ಪಾಲು) ಸೊನ್ನೆ ಅಂತ ಹಾಕಿ. ಮೊದಲನೆಯದರಲ್ಲಿ ಕೆಲಸ ಇಲ್ಲದಾಗ ಮಾತ್ರ ಅದು ಕೆಲಸ ತರಿಸಿಕೊಳ್ಳುತ್ತದೆ, ಮಿಕ್ಕ ಹೊತ್ತು ತೆಪ್ಪಗಿರುತ್ತದೆ. ಲ್ಯಾಪ್‌ಟಾಪ್ ಇದ್ದವರು ಬ್ಯಾಟರಿಯಲ್ಲಿ ಓಡದ ಹಾಗೆ ಸೆಟ್ ಮಾಡಿ, ಪ್ರೊಸೆಸರಿನ ಅರ್ಧದಷ್ಟು ಕೋರ್ ಮಾತ್ರ ಕೊಡಿ. ಬಿಸಿಯೂ ಕಡಿಮೆ, ಫ್ಯಾನ್ ಸದ್ದೂ ಕಡಿಮೆ.

ಇನ್ನು ತಂಡದ ಹೆಸರು. ಅದನ್ನು ಪ್ರತಿ ಪ್ರಾಜೆಕ್ಟಿನಲ್ಲೂ ಬೇರೆಯಾಗಿ ಶುರು ಮಾಡುವುದಾದರೆ ಎಲ್ಲ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಥರ ಬರೆಯಿರಿ, ಇಲ್ಲದಿದ್ದರೆ ಒಟ್ಟು ಲೆಕ್ಕದಲ್ಲಿ ಒಂದೇ ತಂಡ ಎರಡಾಗಿ ಕಾಣುತ್ತದೆ.