ಮಗನ ಕ್ರಿಕೆಟ್ ಕೋಚಿಂಗ್: ಕೋಚ್‌ಗೆ 5 ಸ್ಟಾರ್, ನೆಟ್ಸ್‌ಗೆ 2

ಲೀಡ್ಸ್ ಕಡೆ ಇರೋ ನಮ್ಮೋರು ಮಕ್ಕಳನ್ನ ಯಾವ ಕ್ಲಬ್‌ಗೆ ಹಾಕಿದೀರಿ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಬರೀತಿದೀನಿ. ಕ್ಲಬ್ ಹೆಸರು ಇಲ್ಲಿ ಹಾಕಲ್ಲ.

ಮೊದಲು ಹೋಗ್ತಿದ್ದ ಕಡೆ ಮಗನ ಹೆಸರು ಬಾಯಿಗೆ ಬರಲ್ಲ ಅಂತ ಎರಡನೇ ವಾರಕ್ಕೇ 'ಚಾರ್ಲಿ' ಮಾಡಿಬಿಟ್ರು. ಇಲ್ಲಿನ ಯಾರ್ಕ್‌ಶೈರ್ ಕೌಂಟಿ ಕ್ಲಬ್‌ನಲ್ಲಿ ನಮ್ ಕ್ರಿಕೆಟರ್ ಪೂಜಾರಾನ್ನ 'ಸ್ಟೀವ್' ಅಂತ ಕರೀತಿದ್ರಂತೆ ಅಂತ, ಆ ಕ್ಲಬ್‌ನ ಮಾಜಿ ಆಟಗಾರ ಅಜೀಮ್ ರಫೀಕ್ ಜನಾಂಗಭೇದದ ದೂರು ಕೊಟ್ಟ ಗಲಾಟೆ ಟೈಮಲ್ಲಿ, 2021ರಲ್ಲಿ, ಓದಿ ಉರ್ಕೊಂಡಿದ್ದವ್ನು ನಾನೇ, ನಮ್ ಹುಡುಗನಿಗೇ ಹಾಗಾದಾಗ ಹಲ್ಕಿರಿದು ಸುಮ್ನಾದೆ.

ಈ ಹೊಸ ಕೋಚ್ ಇಲ್ಲಿನ ಬಿಳಿಯರವ್ರೇ, ಐವತ್ತರ ಮೇಲಿರಬೇಕು. ಮೊದಲ ದಿನಾನೇ ನನ್ನ ಹೆಂಡತಿ ಹತ್ರ ಹೆಸರು ಮೂರು ಸಲ ಹೇಳ್ಸಿ ತಮ್ಮ ಪುಟ್ಟ ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ಆ ನೋಟ್‌ಬುಕ್ಕೇ ನೋಡಿ ಇಲ್ಲಿ ಸ್ಪೆಷಲ್. ಪ್ರತಿ ಶುಕ್ರವಾರ ಯಾರಿಗೆ ಓಪನಿಂಗ್ ಕೊಟ್ಟೆ, ಯಾರಿಗೆ ಫಾಸ್ಟ್ ಯಾರಿಗೆ ಸ್ಪಿನ್, ಯಾರಿಗೆ ಬೈದೆ, ಎಲ್ಲಾ ಬರೀತಾರೆ. ಸೀಸನ್ ಅರ್ಧಕ್ಕೆ ಬಂದಾಗ ಅಪ್ಪ ಅಮ್ಮಂದಿರನ್ನ ಪೆವಿಲಿಯನ್ ಮೆಟ್ಟಿಲ ಹತ್ರ ಸೇರಿಸಿ ಓದಿದ್ರು: ಏಷ್ಯನ್ ಹುಡುಗ್ರು ಐದು ಜನ, ಐದೂ ಜನಕ್ಕೆ ಸ್ಪಿನ್ನೇ ಹಾಕ್ಸಿದೀನಿ, ನಿಂಗೇನ್ ಇಷ್ಟ ಅಂತ ಒಬ್ರನ್ನೂ ಕೇಳಿಲ್ಲ, ಇದು ನಾನೇ ಮಾಡಿದ್ದು. ಅಷ್ಟೇ, ಸಬೂಬು ಗಿಬೂಬು ಏನಿಲ್ಲ. 2023ರ ಜೂನಲ್ಲಿ ಇಂಗ್ಲೆಂಡ್ ಕ್ರಿಕೆಟಲ್ಲಿ ಜನಾಂಗಭೇದ ಬೇರು ಬಿಟ್ಟಿದೆ ಅಂತ ಸ್ವತಂತ್ರ ಆಯೋಗದ ವರದಿ ಬಂತಲ್ಲ, 44 ಶಿಫಾರಸು ಇದ್ದಿದ್ದು, ಅದಾದ್ಮೇಲೆ ಗೋಡೆಗೆ ಪೋಸ್ಟರ್ ಅಂಟಿಸಿದ್ದನ್ನ ಬೇಕಾದಷ್ಟು ನೋಡಿದೀನಿ, ತನ್ನ ಲೆಕ್ಕ ತಾನೇ ತೆಗೆದು ಓದಿದವ್ರನ್ನ ಇವ್ರನ್ನೇ ಮೊದಲು ನೋಡಿದ್ದು.

ನನಗೆ ಮಾತ್ರ ಮುಖ ಎಲ್ಲಿಡೋದು ಗೊತ್ತಾಗ್ಲಿಲ್ಲ. ನಾನೂ ಅಲ್ಲಿ ವಾಲಂಟಿಯರ್. ಹಿಂದಿನ ವಾರಾನೇ ಜಮೈಕಾ ಮೂಲದ ಒಬ್ಬ ಹುಡುಗನಿಗೆ, ನೀನು ಫಾಸ್ಟ್ ಹಾಕೋ, ನಿನ್ ಮೈಕಟ್ಟೇ ಹಾಗಿದೆ ಅಂದಿದ್ದೆ, ಅವ್ನು ಕೀಪಿಂಗ್ ಗ್ಲೌಸ್ ನೋಡ್ತಾ ನಿಂತಿದ್ದ. ನಮ್ಮೂರು ಯಲ್ಲಾಪುರ ಕಡೆ ಸ್ವಾಮಿ. 1987ರಲ್ಲಿ ಸಾಯ್‌ನವ್ರು (ಭಾರತೀಯ ಕ್ರೀಡಾ ಪ್ರಾಧಿಕಾರ) ಸಿದ್ದಿ ಮಕ್ಕಳು ಆಫ್ರಿಕಾ ಮೂಲದವ್ರು, ಓಟ ರಕ್ತದಲ್ಲೇ ಇರತ್ತೆ ಅನ್ಕೊಂಡು ಸ್ಕೀಮ್ ಮಾಡಿ ಕರ್ಕೊಂಡು ಹೋದ್ರು, ಕೆಲವೇ ವರ್ಷಕ್ಕೆ ನಿಲ್ಸಿ ವಾಪಸ್ ಕಳ್ಸಿದ್ರು. ಆ ಕಥೆ ಕೇಳ್ಕೊಂಡೇ ಬೆಳೆದವ್ನು ನಾನು, ಆದ್ರೂ ಬಾಯಿಗೆ ಬಂದಿದ್ದು ಅದೇ ಮಾತು.

ಮುಂದಿನ ವಾರದಿಂದ ಎಲ್ರಿಗೂ ಎರಡು ಓವರ್ ಫಾಸ್ಟ್, ಎರಡು ಸ್ಪಿನ್, ಗ್ಲೌಸ್ ಸರದಿ ಮೇಲೆ. ಆ ಹುಡುಗ ಮೊದಲ ಓವರಲ್ಲೇ ಬಾಲ್ ಹಿಡೀದೆ ಆರು ಬೈ ರನ್ ಬಿಟ್ಟ. ಈಗ್ಲೂ ಕೀಪಿಂಗೇ ಬೇಕಂತೆ.

ಇನ್ನು ಕಂಪ್ಲೇಂಟು. ನೆಟ್ಸ್ ಹರಿದೋಗಿದೆ, ಬಾಲ್ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಗತ್ತೆ. ಪ್ರಾಕ್ಟೀಸ್ ಕ್ಯಾನ್ಸಲ್ ಅಂತ ವಾಟ್ಸಾಪ್ ಬರೋದು ನಾವು ಕಾರು ಪಾರ್ಕ್ ಮಾಡಿದ್ಮೇಲೆ. ಆಟ ಮುಗಿದ್ಮೇಲೆ ಕೋಚ್ ಮಕ್ಕಳನ್ನ ಸುತ್ತ ಕೂರ್ಸಿ ಮಾತಾಡ್ತಾರೆ, ಒಳ್ಳೇದೇ, ಆದ್ರೆ ಇಪ್ಪತ್ತು ನಿಮಿಷ ಇವ್ರದ್ದೇ ಮಾತು, ಮಕ್ಕಳು ಬಾಯಿ ಬಿಡೋದು ಎರಡೇ ನಿಮಿಷ. ಆ ಚಳೀಲಿ! ಜಾಕೆಟ್ ಮರೀದೆ ಕಳ್ಸಿ.